ಅಳೆಯುವ ಮುಂಚೆ ಮಿತಿ ಬರೆದುಕೋ

ತಮ್ಮಾ,

ಕಂಪನಿಗೆ ಹೊಸ ಸರ್ವರ್ ಆರಿಸುವ ಕೆಲಸ ನಿನ್ನ ಹೆಗಲಿಗೆ ಬಂದಿದೆ ಅಂತ ನಿಮ್ಮಪ್ಪ ಹುಬ್ಬಳ್ಳಿಯಿಂದ ಫೋನ್ ಮಾಡಿದ್ದರು. ದನಿಯಲ್ಲಿ ಹೆಮ್ಮೆ ಎಷ್ಟಿತ್ತೋ ದಿಗಿಲೂ ಅಷ್ಟೇ ಇತ್ತು. "ಲಕ್ಷಾಂತರ ರೂಪಾಯಿ ವ್ಯವಹಾರ, ಹುಡುಗ ಹೊಸಬ, ನೀವು ಒಂದೆರಡು ಮಾತು ಹೇಳ್ರಿ" ಅಂದರು. ಅಷ್ಟರಲ್ಲಿ ನಿನ್ನ ಪಟ್ಟಿಯೂ ಬಂತು. ಮೂರು ಕೊಟೇಶನ್, ಮೂರು ಡೆಮೊ ಯಂತ್ರ, ಒಂದೊಂದರ ಮುಂದೆ ಆರೇಳು ಅಂಕಿ. ಕೆಲಸ ಅಚ್ಚುಕಟ್ಟಾಗಿದೆ, ಕಾಲಂಗಳಿಗೆ ಬಣ್ಣ ಕೂಡ ಹಾಕಿದ್ದೀಯ. ಆದರೆ ಎರಡನೇ ಯಂತ್ರದ ಡಿಸ್ಕ್ ಓದುವ ವೇಗ ಸೆಕೆಂಡಿಗೆ 21 ಜಿಬಿ ಅಂತ ಬರೆದಿದ್ದೀಯಲ್ಲ, ಅಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು.

ಆ ಯಂತ್ರದಲ್ಲಿರುವುದು ಒಂದೇ ಎನ್‌ವಿಎಂಇ ಡಿಸ್ಕ್. ಅದು ನಾಲ್ಕನೇ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್‌ನ ನಾಲ್ಕು ಲೇನ್ ಮೇಲೆ ಕೂತಿದೆ. ಆ ದಾರಿಯಲ್ಲಿ ಸೆಕೆಂಡಿಗೆ 8 ಜಿಬಿಗಿಂತ ಹೆಚ್ಚು ಹಾಯಲಾರದು, ಡಿಸ್ಕ್ ಎಷ್ಟೇ ದುಬಾರಿಯದಾಗಿರಲಿ. ಹಾಗಾದರೆ 21 ಎಲ್ಲಿಂದ ಬಂತು? ನೀನು 10 ಜಿಬಿಯ ಫೈಲ್ ಬರೆದು, ಕೂಡಲೇ ಅದನ್ನೇ ಓದಿದ್ದೀಯ. ಯಂತ್ರದಲ್ಲಿ 256 ಜಿಬಿ ಮೆಮೊರಿ ಇದೆ. ಲಿನಕ್ಸ್ ಆ ಫೈಲನ್ನು ತನ್ನ ಪೇಜ್ ಕ್ಯಾಶ್‌ನಲ್ಲಿ ಇಟ್ಟುಕೊಂಡಿತ್ತು, ನೀನು ಕೇಳಿದಾಗ ಅಲ್ಲಿಂದಲೇ ಎತ್ತಿಕೊಟ್ಟಿತು. ಡಿಸ್ಕಿಗೆ ನೀನು ಓದಿದ ಸುದ್ದಿಯೇ ಮುಟ್ಟಿಲ್ಲ. ನೀನು ಅಳೆದದ್ದು ಮೆಮೊರಿಯನ್ನು, ಬರೆದದ್ದು ಡಿಸ್ಕಿನ ಹೆಸರಲ್ಲಿ.

ಇದಕ್ಕೆ ಮುಖ ಸಣ್ಣ ಮಾಡಿಕೊಳ್ಳಬೇಡ. ಎರೆಜ್ ಜಾಡೋಕ್ ಮತ್ತು ಸಂಗಡಿಗರು ಒಂಬತ್ತು ವರ್ಷಗಳ ಸಂಶೋಧನಾ ಪ್ರಬಂಧಗಳನ್ನು ಜಾಲಾಡಿ 2008ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. 106 ಪ್ರಬಂಧ, ಅವುಗಳಲ್ಲಿ ಬಳಸಿದ 415 ಫೈಲ್ ಸಿಸ್ಟಮ್ ಮತ್ತು ಸ್ಟೋರೇಜ್ ಬೆಂಚ್‌ಮಾರ್ಕ್‌ಗಳು. ಹೆಚ್ಚು ಜನಪ್ರಿಯವಾದ ಬೆಂಚ್‌ಮಾರ್ಕ್‌ಗಳಲ್ಲೇ ದೋಷವಿದೆ, ಎಷ್ಟೋ ಪ್ರಬಂಧಗಳ ಅಂಕಿ ನೋಡಿದರೆ ಯಂತ್ರದ ನಿಜವಾದ ಸಾಮರ್ಥ್ಯ ತಿಳಿಯುವುದಿಲ್ಲ ಅಂತ ಅವರು ತೀರ್ಮಾನಕ್ಕೆ ಬಂದರು. ಪಿಎಚ್‌ಡಿ ಮಾಡಿದವರ ಗತಿಯೇ ಹೀಗಿರುವಾಗ ನಿನ್ನದು ದೊಡ್ಡದಲ್ಲ.

ನಾನು ಹೇಳುವುದು ಒಂದೇ. ಯಾವ ಬೆಂಚ್‌ಮಾರ್ಕನ್ನೂ ಓಡಿಸುವ ಮುಂಚೆ ಒಂದು ಹಾಳೆ ತಗೊಂಡು, ಆ ಯಂತ್ರ ಗರಿಷ್ಠ ಎಷ್ಟು ಕೊಡಬಲ್ಲದು ಅನ್ನುವುದನ್ನು ಪೆನ್ನಿನಲ್ಲಿ ಲೆಕ್ಕ ಮಾಡಿ ಬರೆ. ಆಮೇಲೆ ಓಡಿಸು. ಬಂದ ಅಂಕಿ ಆ ಮಿತಿಯನ್ನು ಮೀರಿದರೆ ನೀನು ಬೇರೇನನ್ನೋ ಅಳೆದಿದ್ದೀಯ. ಮಿತಿಗಿಂತ ತೀರಾ ಕೆಳಗಿದ್ದರೆ ನಡುವೆ ಎಲ್ಲೋ ತಡೆಯಿದೆ, ಅದು ಎಲ್ಲಿ ಅಂತ ಹುಡುಕಬೇಕು. ಹಾಳೆ ಇಲ್ಲದೆ ಅಳೆದರೆ 21 ಕೂಡ ಒಪ್ಪಿತವೇ, 210 ಕೂಡ ಒಪ್ಪಿತವೇ.

ಕೆಲವು ಮಿತಿಗಳು ಬಾಯಿಪಾಠ ಆಗಿಬಿಡಬೇಕು. ಸಾಟಾ ಡಿಸ್ಕ್ ಅಂದರೆ ಸೆಕೆಂಡಿಗೆ 600 ಎಂಬಿ, ಅದರಾಚೆ ಇಲ್ಲ. 10 ಗಿಗಾಬಿಟ್ ನೆಟ್‌ವರ್ಕ್ ಅಂದರೆ 1.25 ಜಿಬಿ; ಸರ್ವರ್‌ನೊಳಗೆ ಎಂಥ ಡಿಸ್ಕ್ ಇದ್ದರೂ ಎನ್‌ಎಫ್‌ಎಸ್ ಮೂಲಕ ಒಂದೇ ತಂತಿಯಲ್ಲಿ ಅದಕ್ಕಿಂತ ಹೆಚ್ಚು ಬಾರದು. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತಗೊಳ್ಳುತ್ತದೆ. ಬೇಕಾದ ಜಾಗ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ತಲೆ ಸರಿಯಲು ಇನ್ನೊಂದು ಎಂಟು ಮಿಲಿಸೆಕೆಂಡ್. ಅಲ್ಲಿಗೆ ಚದುರಿದ ಓದು ಸೆಕೆಂಡಿಗೆ ಎಂಬತ್ತರ ಆಸುಪಾಸು. ಯಾರಾದರೂ ಅಂಥ ಒಂದೇ ಡಿಸ್ಕಿನಲ್ಲಿ ಐದು ಸಾವಿರ ಬರುತ್ತದೆ ಅಂದರೆ ನಡುವೆ ಕ್ಯಾಶ್ ಇದೆ ಅಂತಲೇ ತಿಳಿ.

ಈಗ ಮೆಮೊರಿಗೆ ಬರೋಣ, ಮೋಸ ಹೋಗುವುದು ಇಲ್ಲೇ ಹೆಚ್ಚು. ನಿನ್ನ ಮೊದಲ ಯಂತ್ರದಲ್ಲಿ ಎರಡು ಸಾಕೆಟ್, ಒಂದೊಂದಕ್ಕೆ ಎಂಟು ಮೆಮೊರಿ ಚಾನೆಲ್, ಡಿಡಿಆರ್4-3200. ಲೆಕ್ಕ ಹಾಕು: ಸೆಕೆಂಡಿಗೆ 320 ಕೋಟಿ ಸಲ, ಸಲಕ್ಕೆ 8 ಬೈಟ್, ಅಂದರೆ ಒಂದು ಚಾನೆಲ್‌ಗೆ 25.6 ಜಿಬಿ. ಎಂಟಕ್ಕೆ 204.8. ಎರಡು ಸಾಕೆಟ್ ಸೇರಿ 409.6. ಇದು ಹಾಳೆಯ ಮೇಲಿನ ಅಂಕಿ. ನಿಜದಲ್ಲಿ ಅದರ ಮುಕ್ಕಾಲು ಪಾಲು, ಅದೃಷ್ಟ ಇದ್ದರೆ ಇನ್ನು ಸ್ವಲ್ಪ ಮೇಲೆ ಸಿಗುತ್ತದೆ.

ಇದನ್ನು ಅಳೆಯಲು ಜಗತ್ತೆಲ್ಲ ಬಳಸುವುದು ಜಾನ್ ಮೆಕ್ಯಾಲ್ಪಿನ್ ಬರೆದ ಸ್ಟ್ರೀಮ್ ಅನ್ನುವ ಪುಟ್ಟ ಪ್ರೋಗ್ರಾಮ್. 1990ರ ದಶಕದ ಶುರುವಿನಿಂದ ಅದು ಚಾಲ್ತಿಯಲ್ಲಿದೆ. ಅದು ಮಾಡುವುದು ನಾಲ್ಕೇ ಕೆಲಸ: ಸಂಖ್ಯೆಗಳ ಒಂದು ಸಾಲನ್ನು ಇನ್ನೊಂದಕ್ಕೆ ನಕಲು ಮಾಡು, ಒಂದು ಸಂಖ್ಯೆಯಿಂದ ಗುಣಿಸು, ಎರಡು ಸಾಲು ಕೂಡು, ಗುಣಿಸಿ ಕೂಡು. ಇಷ್ಟು ಸರಳ ಅಂತಲೇ ಜನ ಓದದೆ ಓಡಿಸುತ್ತಾರೆ. ಅದರ ಮೂಲ ಕೋಡಿನ ಮೇಲ್ಭಾಗದಲ್ಲೇ ನಿಯಮ ಬರೆದಿದೆ: ಒಂದೊಂದು ಸಾಲೂ ಯಂತ್ರದ ಕೊನೆಯ ಹಂತದ ಕ್ಯಾಶ್‌ಗಳ ಒಟ್ಟು ಮೊತ್ತದ ನಾಲ್ಕು ಪಟ್ಟಾದರೂ ಇರಬೇಕು. ಪ್ರೋಗ್ರಾಮ್ ತಾನಾಗಿ ತಗೊಳ್ಳುವ ಗಾತ್ರ ಒಂದು ಕೋಟಿ ಸಂಖ್ಯೆ, ಅಂದರೆ 80 ಎಂಬಿ. ಮೂರು ಸಾಲಿಗೆ 240 ಎಂಬಿ. ನಿನ್ನ ಮೊದಲ ಯಂತ್ರದಲ್ಲಿ ಒಂದೊಂದು ಸಾಕೆಟ್‌ಗೂ 256 ಎಂಬಿ ಕ್ಯಾಶ್ ಇದೆ. ಮೂರೂ ಸಾಲು ಕ್ಯಾಶ್‌ನೊಳಗೇ ಕೂತವು, ನೀನು ಮೆಮೊರಿಯ ಕಡೆ ಹೋಗಲೇ ಇಲ್ಲ. ನಿನ್ನ ಪಟ್ಟಿಯಲ್ಲಿ ಆ ಯಂತ್ರಕ್ಕೆ 900 ಜಿಬಿ ಅಂತ ಬರೆದಿರುವುದರ ಗುಟ್ಟು ಇದೇ. 409.6 ಅಂತ ಮೊದಲೇ ಬರೆದುಕೊಂಡಿದ್ದರೆ ನೀನೇ ಹಿಡಿಯುತ್ತಿದ್ದೆ.

ಎರಡು ಸಾಕೆಟ್‌ನ ಕ್ಯಾಶ್ 512 ಎಂಬಿ. ನಾಲ್ಕು ಪಟ್ಟು ಅಂದರೆ ಒಂದು ಸಾಲಿಗೆ 2 ಜಿಬಿ, ಸುಮಾರು 27 ಕೋಟಿ ಸಂಖ್ಯೆ. ಆ ಗಾತ್ರ ಕೊಟ್ಟು ಕಂಪೈಲ್ ಮಾಡಿದರೆ ಲಿಂಕರ್ ತಕರಾರು ಮಾಡುತ್ತದೆ. ಗಾಬರಿಯಾಗಿ ಗಾತ್ರ ಇಳಿಸಬೇಡ, ಮೆಮೊರಿ ಮಾಡೆಲ್ ಮೀಡಿಯಂ ಅಂತ ಕಂಪೈಲರ್‌ಗೆ ಹೇಳು, ಸಾಕು. ಇಂಥ ಒಂದು ಎರರ್‌ಗೆ ಹೆದರಿ ಚಿಕ್ಕ ಸಾಲಿಗೆ ಮರಳಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ಸಂಗತಿ. ನಕಲು ಮಾಡುವಾಗ ಸ್ಟ್ರೀಮ್ ಒಂದು ಸಂಖ್ಯೆಗೆ 16 ಬೈಟ್ ಅಂತ ಲೆಕ್ಕ ಇಡುತ್ತದೆ, ಎಂಟು ಓದಿದ್ದು, ಎಂಟು ಬರೆದದ್ದು. ಆದರೆ ಸಾಮಾನ್ಯ ಪ್ರೊಸೆಸರ್ ಒಂದು ಜಾಗಕ್ಕೆ ಬರೆಯುವ ಮುಂಚೆ ಆ ಜಾಗದಲ್ಲಿದ್ದುದನ್ನು ಕ್ಯಾಶ್‌ಗೆ ಓದಿಕೊಳ್ಳುತ್ತದೆ. ನಿಜವಾಗಿ ಓಡಾಡಿದ್ದು 24 ಬೈಟ್. ಕೆಲವು ಕಂಪೈಲರ್‌ಗಳು ಕ್ಯಾಶ್ ದಾಟಿ ನೇರ ಬರೆಯುವ ಸೂಚನೆಗಳನ್ನು ಬಳಸಿ ಆ ಹೆಚ್ಚಿನ ಓದನ್ನು ತಪ್ಪಿಸುತ್ತವೆ. ಹಾಗಾಗಿ ಅದೇ ಯಂತ್ರ, ಅದೇ ಪ್ರೋಗ್ರಾಮ್, ಕಂಪೈಲರ್ ಮಾತ್ರ ಬೇರೆ, ಅಂಕಿ ಒಂದರಲ್ಲಿ ಇನ್ನೊಂದರ ಮೂರರಲ್ಲಿ ಎರಡು ಪಾಲು ಬರಬಹುದು. ಮೂರು ಡೆಮೊ ಯಂತ್ರಗಳಲ್ಲಿ ಮೂರು ಜನ ಮಾರಾಟಗಾರರು ತಾವೇ ಕಂಪೈಲ್ ಮಾಡಿ ತಂದ ಪ್ರೋಗ್ರಾಮ್ ಓಡಿಸಿದ್ದೀಯ. ಹೋಲಿಕೆ ಅಲ್ಲೇ ಕೆಟ್ಟಿತು. ಒಂದೇ ಕಂಪೈಲರ್, ಒಂದೇ ಆಯ್ಕೆಗಳು, ನಿನ್ನ ಕೈಯಾರೆ.

ಎರಡು ಸಾಕೆಟ್ ಅಂದರೆ ಅಕ್ಕಪಕ್ಕದ ಎರಡು ಮನೆ, ಒಂದೊಂದಕ್ಕೂ ತನ್ನದೇ ಬಾವಿ ಅಂತ ತಿಳಿದುಕೋ. ಪಕ್ಕದ ಮನೆಯ ಬಾವಿಯಿಂದಲೂ ನೀರು ತರಬಹುದು, ಆದರೆ ನಡೆದು ಹೋಗಿ ಬರಬೇಕು. ತನ್ನ ಮೆಮೊರಿ ಮುಟ್ಟಲು 90 ನ್ಯಾನೊಸೆಕೆಂಡ್‌ನಷ್ಟು ಹಿಡಿದರೆ, ಆಚೆ ಸಾಕೆಟ್‌ನದನ್ನು ಮುಟ್ಟಲು ಅದರ ಒಂದೂವರೆ ಪಟ್ಟು ಹಿಡಿಯುವುದು ಮಾಮೂಲು. ಇದಕ್ಕೇ ನ್ಯೂಮಾ ಅನ್ನುವುದು. ಮೆಮೊರಿಯ ಯಾವ ಪುಟ ಯಾವ ಬಾವಿಯಲ್ಲಿರಬೇಕು ಅಂತ ಲಿನಕ್ಸ್ ನಿರ್ಧರಿಸುವ ರೀತಿ ಸರಳ: ಯಾವ ಕೋರ್ ಆ ಪುಟವನ್ನು ಮೊದಲು ಮುಟ್ಟಿತೋ, ಅದರ ಸಾಕೆಟ್‌ನ ಮೆಮೊರಿಯಲ್ಲಿ. ನೆನಪಿಡು, ಜಾಗ ಕೇಳಿದಾಗ ಅಲ್ಲ, ಮುಟ್ಟಿದಾಗ.

ಸ್ಟ್ರೀಮ್ ಬರೆದವರಿಗೆ ಇದು ಗೊತ್ತಿದ್ದುದರಿಂದ ಸಾಲುಗಳಿಗೆ ಮೊದಲ ಬೆಲೆ ತುಂಬುವ ಕೆಲಸವನ್ನೂ ಎಲ್ಲ ಥ್ರೆಡ್‌ಗಳಿಗೆ ಹಂಚಿದ್ದಾರೆ. ನಿಮ್ಮ ಕಂಪನಿಯ ಪ್ರೋಗ್ರಾಮ್ ಹಾಗಿಲ್ಲ. ಮುಖ್ಯ ಥ್ರೆಡ್ ಒಂದೇ ಕೂತು ಇಡೀ ಉಪಗ್ರಹ ಚಿತ್ರದ ಜಾಗವನ್ನು ಸೊನ್ನೆ ಮಾಡಿ, ಆಮೇಲೆ 64 ಥ್ರೆಡ್‌ಗಳನ್ನು ಎಬ್ಬಿಸುತ್ತದೆ. ಹಾಗಾಗಿ ಎಲ್ಲ ಪುಟಗಳೂ ಒಂದೇ ಸಾಕೆಟ್‌ನಲ್ಲಿ. ಅರ್ಧ ಥ್ರೆಡ್‌ಗಳು ಪ್ರತಿಸಲವೂ ಆಚೆಗೆ ನಡೆಯುತ್ತವೆ, ಎರಡನೇ ಸಾಕೆಟ್‌ನ ಎಂಟು ಚಾನೆಲ್ ಖಾಲಿ. ಎರಡು ಲಕ್ಷ ಹೆಚ್ಚು ಕೊಟ್ಟು ತಂದ ಯಂತ್ರದಲ್ಲೂ ಅದು ಹಾಗೇ ಓಡುತ್ತದೆ. ಕೊಳ್ಳುವ ಮುಂಚೆ ಒಮ್ಮೆ, ಪುಟಗಳನ್ನು ಎರಡೂ ಸಾಕೆಟ್‌ಗೆ ಹಂಚುವ ನುಮಾಕ್ಟಲ್ ಇಂಟರ್‌ಲೀವ್ ಹಚ್ಚಿ ಓಡಿಸಿ ನೋಡು. ಈಗಿರುವ ಹಳೆಯ ಯಂತ್ರದಲ್ಲೇ ವೇಗ ಗಣನೀಯವಾಗಿ ಏರಿದರೆ ನಿಮ್ಮ ಸಾಹೇಬರಿಗೆ ಹೇಳು, ಹೊಸ ಯಂತ್ರ ಆರು ತಿಂಗಳು ತಡವಾದರೂ ನಡೆಯುತ್ತದೆ ಅಂತ. ಅವರು ಖುಷಿಪಡುತ್ತಾರೋ ಇಲ್ಲವೋ ಗೊತ್ತಿಲ್ಲ. ಬಜೆಟ್ ಮಾರ್ಚ್ ಒಳಗೆ ಮುಗಿಸಬೇಕಾದ ಒತ್ತಡ ಬೇರೆ ಇರುತ್ತದೆ.

ಒಂದೇ ಕೋರ್ ಇಡೀ ಮೆಮೊರಿಯ ವೇಗ ಬಳಸಲಾರದು, ಇದನ್ನೂ ಹಾಳೆಯ ಮೇಲೇ ಕಾಣಬಹುದು. ಒಂದು ಕೋರ್ ಏಕಕಾಲಕ್ಕೆ ಹತ್ತೋ ಹನ್ನೆರಡೋ ಕ್ಯಾಶ್ ಸಾಲುಗಳಿಗಷ್ಟೇ ಕಾಯಬಲ್ಲದು ಅಂದುಕೋ. ಒಂದು ಕ್ಯಾಶ್ ಸಾಲು 64 ಬೈಟ್. ಹನ್ನೆರಡಕ್ಕೆ 768 ಬೈಟ್, 90 ನ್ಯಾನೊಸೆಕೆಂಡಿಗೆ ಒಮ್ಮೆ. ಭಾಗಿಸಿದರೆ ಸೆಕೆಂಡಿಗೆ 8.5 ಜಿಬಿ. ಮುಂದಾಗಿ ತಂದಿಡುವ ಯಂತ್ರಾಂಶದ ನೆರವಿನಿಂದ ಇದು ಏರುತ್ತದೆ ನಿಜ, ಆದರೆ 204 ಮುಟ್ಟುವ ಮಾತಿಲ್ಲ. ಸರತಿ ಸಾಲುಗಳ ಶಾಸ್ತ್ರದಲ್ಲಿ ಲಿಟಲ್‌ನ ನಿಯಮ ಅನ್ನುವುದು ಇದೇ. ನೀನು ಒಂದು ಥ್ರೆಡ್‌ನಲ್ಲಿ ಓಡಿಸಿ 'ಮೆಮೊರಿ ಕೆಟ್ಟದಾಗಿದೆ' ಅಂತ ಷರಾ ಬರೆದಿದ್ದೀಯಲ್ಲ, ಅದನ್ನು ಅಳಿಸು.

ಕೋರ್‌ಗಳ ಸಂಖ್ಯೆ ಏರಿಸುತ್ತಾ ಗ್ರಾಫ್ ಎಳೆಯುವಾಗ ಇನ್ನೊಂದು ಎಚ್ಚರ. ಒಂದೇ ಕೋರ್ ಓಡುವಾಗ ಪ್ರೊಸೆಸರ್ ಟರ್ಬೊ ಹಚ್ಚಿ ಜೋರಾಗಿ ಓಡುತ್ತದೆ, ಎಲ್ಲವೂ ಓಡುವಾಗ ಗಡಿಯಾರ ಇಳಿಯುತ್ತದೆ. ಆ ಇಳಿತವನ್ನು ಪ್ರೋಗ್ರಾಮಿನ ತಲೆಗೆ ಕಟ್ಟಬೇಡ. ಅದಿಲ್ಲದೆಯೂ ಆಮ್ಡಾಲ್ 1967ರಲ್ಲೇ ಹೇಳಿಟ್ಟ ಮಾತಿದೆ: ಕೆಲಸದ ನೂರಕ್ಕೆ ಐದು ಪಾಲು ಒಬ್ಬರೇ ಮಾಡುವಂಥದ್ದಾದರೆ, 64 ಕೋರ್ ಹಚ್ಚಿದರೂ ವೇಗ ಹದಿನೈದು ಪಟ್ಟಿನ ಚೂರು ಮೇಲೆ ನಿಲ್ಲುತ್ತದೆ. ಎಷ್ಟೇ ಕೋರ್ ತಂದರೂ ಇಪ್ಪತ್ತು ದಾಟದು.

ಫೈಲ್ ಸಿಸ್ಟಮ್ ವಿಷಯಕ್ಕೆ ಬರುತ್ತೇನೆ. ನಿಮ್ಮದು ಉಪಗ್ರಹ ಚಿತ್ರದ ಕೆಲಸ. ನಾಗಪುರಕ್ಕೆ ಅದು ಸಹಜವೇ. ಮಣ್ಣು ಸಮೀಕ್ಷೆಯ ರಾಷ್ಟ್ರೀಯ ಬ್ಯೂರೋದ ಕೇಂದ್ರ ಕಚೇರಿ ಇಲ್ಲೇ ಇದೆ, ಮಹಾರಾಷ್ಟ್ರದ ದೂರಸಂವೇದಿ ಕೇಂದ್ರ ನೀನು ಓದಿದ ಕಾಲೇಜಿನ ಆವರಣದಲ್ಲೇ ಇದೆ. ನೀವು ಬಳಸುವ ಸೆಂಟಿನೆಲ್-2 ಚಿತ್ರದ ಹತ್ತು ಮೀಟರ್ ಬ್ಯಾಂಡ್ ಒಂದಕ್ಕೆ ಉದ್ದಗಲ 10,980 ಪಿಕ್ಸೆಲ್. ಪಿಕ್ಸೆಲ್‌ಗೆ ಎರಡು ಬೈಟ್ ಹಿಡಿದರೆ ಬಿಚ್ಚಿದಾಗ 241 ಎಂಬಿ. ಅದನ್ನು 256ರ ಚೌಕಗಳಾಗಿ ಕತ್ತರಿಸಿದರೆ 43ಕ್ಕೆ 43, ಅಂದರೆ 1,849 ತುಂಡು. ನಾಲ್ಕು ಬ್ಯಾಂಡಿಗೆ 7,396 ಪುಟ್ಟ ಫೈಲ್. ಹಾಗಾದರೆ ನಿಮ್ಮ ಕೆಲಸ ಏನು? ಕೆಲವೇ ದೊಡ್ಡ ಫೈಲ್ ಓದುವುದು, ಸಾವಿರಾರು ಸಣ್ಣ ಫೈಲ್ ಹುಟ್ಟಿಸುವುದು. ನೀನು ಅಳೆದದ್ದು ಒಂದು ದೊಡ್ಡ ಫೈಲನ್ನು ನೇರವಾಗಿ ಬರೆಯುವ ವೇಗ ಒಂದನ್ನೇ. ಅದು ನಿಮ್ಮ ದಿನದ ಕೆಲಸದಲ್ಲಿ ಬರುವುದೇ ಅಪರೂಪ.

ಸಣ್ಣ ಫೈಲ್ ಹುಟ್ಟಿಸುವಾಗ ಡಿಸ್ಕಿನ ಜಿಬಿ ಲೆಕ್ಕಕ್ಕೆ ಬರುವುದಿಲ್ಲ. ಡೈರೆಕ್ಟರಿಯಲ್ಲಿ ಹೆಸರು ಸೇರಿಸಬೇಕು, ಐನೋಡ್ ಹಂಚಬೇಕು, ಜರ್ನಲ್‌ಗೆ ಬರೆಯಬೇಕು. ಚಿತ್ರ ಕತ್ತರಿಸುವ ನಿಮ್ಮ 32 ಪ್ರೊಸೆಸ್‌ಗಳೂ ಒಂದೇ ಡೈರೆಕ್ಟರಿಗೆ ಬರೆಯುತ್ತವೆ ಅಂತ ಹೇಳಿದ್ದೆ. ಆ ಡೈರೆಕ್ಟರಿಗೆ ಬೀಗ ಒಂದೇ; ಒಬ್ಬರು ಹೆಸರು ಸೇರಿಸುವಾಗ ಉಳಿದ 31 ಜನ ಬಾಗಿಲಲ್ಲಿ. 2016ರಲ್ಲಿ ಚಾಂಗ್‌ವೂ ಮಿನ್ ಮತ್ತು ಜಾರ್ಜಿಯಾ ಟೆಕ್‌ನ ಅವರ ಸಂಗಡಿಗರು 80 ಕೋರ್‌ಗಳ ಯಂತ್ರದಲ್ಲಿ ಐದು ಲಿನಕ್ಸ್ ಫೈಲ್ ಸಿಸ್ಟಮ್‌ಗಳನ್ನು ಇದೇ ಪ್ರಶ್ನೆ ಇಟ್ಟುಕೊಂಡು ಪರೀಕ್ಷಿಸಿದರು. ಎಲ್ಲರೂ ಒಂದೇ ಡೈರೆಕ್ಟರಿಯಲ್ಲಿ ಬದಲಾವಣೆ ಮಾಡಿದರೆ ಕೋರ್ ಏರಿಸಿದಷ್ಟೂ ಲಾಭವಿಲ್ಲ ಅಂತ ಕಂಡಿತು. ಎಲ್ಲರೂ ಒಂದೇ ಫೈಲಿನ ಒಂದೇ ತುಂಡನ್ನು ಬರೀ ಓದಿದರೂ, ಆ ಪುಟವನ್ನು ಎಷ್ಟು ಜನ ಹಿಡಿದಿದ್ದಾರೆ ಅನ್ನುವ ಎಣಿಕೆಯೇ ತಡೆಯಾಯಿತು. ಡಿಸ್ಕೇ ಇಲ್ಲದ, ಮೆಮೊರಿಯಲ್ಲೇ ಇರುವ ಟಿಎಂಪಿಎಫ್‌ಎಸ್‌ನಲ್ಲೂ ಇಂಥ ತೊಂದರೆ ಬಂತು ಅಂದಮೇಲೆ ಹೊಸ ಡಿಸ್ಕಿನಿಂದ ಏನು ಸಿಗುತ್ತದೆ, ನೀನೇ ಯೋಚಿಸು. ಪ್ರೊಸೆಸ್‌ಗೆ ಒಂದೊಂದು ಡೈರೆಕ್ಟರಿ ಮಾಡಿ ನೋಡು, ಖರ್ಚಿಲ್ಲ. ಎರಡೂ ಬಗೆಯಲ್ಲಿ ಅಳೆಯಲು ಎಂಡಿಟೆಸ್ಟ್ ಇದೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಇದೇ ಕೆಲಸಕ್ಕೆ ಮಾಡಿದ್ದು.

ಬರೆಯುವ ವೇಗ ಅಳೆಯುವಾಗ ಒಂದನ್ನು ಮರೆಯಬೇಡ. ಬರೆದಾಯಿತು ಅಂತ ಕರ್ನಲ್ ಹೇಳುವುದು ಮೆಮೊರಿಗೆ ತಗೊಂಡಾಗಲೇ, ಡಿಸ್ಕಿಗೆ ಮುಟ್ಟಿದಾಗ ಅಲ್ಲ. ಕೊನೆಯಲ್ಲಿ ಎಫ್‌ಸಿಂಕ್ ಕರೆದು, ಅದಕ್ಕೆ ಹಿಡಿದ ಹೊತ್ತನ್ನೂ ಸೇರಿಸು. ಡಿಡಿ ಬಳಸಿ ಬರೀ ಸೊನ್ನೆ ಬರೆಯುವ ಚಟ ಎಲ್ಲರಿಗೂ ಇದೆ, ಬಿಡು ಅದನ್ನು. ಸಂಕುಚಿಸುವ ಫೈಲ್ ಸಿಸ್ಟಮ್ ಆದರೆ ಸೊನ್ನೆಗಳನ್ನು ಬರೆಯುವುದೇ ಇಲ್ಲ ಅನ್ನಬಹುದು. ಓದುವ ಮುಂಚೆ ಪೇಜ್ ಕ್ಯಾಶ್ ಖಾಲಿ ಮಾಡು, ಇಲ್ಲವೇ ಮೆಮೊರಿಯ ಎರಡು ಪಟ್ಟು ದೊಡ್ಡ ಫೈಲ್ ಬಳಸು. ಬಾನಿ ಪ್ಲಸ್ ಪ್ಲಸ್ ಅನ್ನುವ ಹಳೆಯ ಬೆಂಚ್‌ಮಾರ್ಕ್ ತಾನಾಗಿ ಎರಡು ಪಟ್ಟು ಕೇಳುವುದು ಇದಕ್ಕೇ. ನನ್ನ ಆಯ್ಕೆ ಕೇಳಿದರೆ ಜೆನ್ಸ್ ಆಕ್ಸ್‌ಬೋ ಬರೆದ ಎಫ್‌ಐಓ. ಎಷ್ಟು ಪ್ರೊಸೆಸ್, ಎಂಥ ಗಾತ್ರ, ಓದೆಷ್ಟು ಬರವಣಿಗೆಯೆಷ್ಟು, ಕ್ಯಾಶ್ ದಾಟಬೇಕೋ ಬೇಡವೋ, ಎಲ್ಲವನ್ನೂ ನೀನೇ ಹೇಳಬಹುದು. ಸರಾಸರಿಯನ್ನಷ್ಟೇ ನೋಡದೆ, ನೂರರಲ್ಲಿ ತೀರಾ ನಿಧಾನವಾದ ಒಂದು ಎಷ್ಟು ಹೊತ್ತು ಕಾಯಿತು ಅನ್ನುವುದನ್ನೂ ಅದು ತೋರಿಸುತ್ತದೆ. ಬಳಸುವವರು ಬೈಯುವುದು ಆ ಒಂದಕ್ಕೇ.

ಹೊಸ ಎಸ್‌ಎಸ್‌ಡಿ ಪೆಟ್ಟಿಗೆಯಿಂದ ತೆಗೆದ ದಿನ ತೋರುವ ವೇಗವನ್ನು ಪೂರಾ ನಂಬಬೇಡ. ಅಗ್ಗದವು ಮೊದಲು ಒಂದಿಷ್ಟು ಜಾಗಕ್ಕೆ ಸರಸರ ಬರೆದುಕೊಂಡು, ಅದು ತುಂಬಿದ ಕೂಡಲೇ ಕುಸಿಯುತ್ತವೆ. ಒಳ್ಳೆಯವೂ ಒಮ್ಮೆ ತುಂಬಿದ ಮೇಲೆ ಹಳೆಯದನ್ನು ಅಳಿಸಿ ಜಾಗ ಮಾಡಿಕೊಳ್ಳಬೇಕಾಗುತ್ತದೆ. ಸ್ಟೋರೇಜ್ ಉದ್ಯಮದವರ ಸಂಘವಾದ ಎಸ್‌ಎನ್‌ಐಎ ತನ್ನ ಪರೀಕ್ಷಾ ವಿಧಾನದಲ್ಲಿ, ಮೊದಲು ಡಿಸ್ಕಿನ ಸಾಮರ್ಥ್ಯದ ಎರಡು ಪಟ್ಟು ಬರೆದು, ವೇಗ ಒಂದು ಮಟ್ಟಕ್ಕೆ ಬಂದು ನಿಂತ ಮೇಲೆ ಅಳೆಯಿರಿ ಅನ್ನುತ್ತದೆ. ಡೆಮೊ ಯಂತ್ರ ಎರಡು ದಿನ ನಿನ್ನ ಬಳಿ ಇರುತ್ತದಲ್ಲ, ಒಂದು ರಾತ್ರಿ ಇದಕ್ಕೆ ಬಿಡು.

ಇನ್ನು ನಾಗಪುರದ ಬಿಸಿಲು. ನಮ್ಮ ಕಡೆ ರೋಹಿಣಿ ಅಂದರೆ ಮಳೆ, ಬಿತ್ತನೆ. ಇಲ್ಲಿ ಸೂರ್ಯ ರೋಹಿಣಿಗೆ ಬಂದ ಮೊದಲ ಒಂಬತ್ತು ದಿನಕ್ಕೆ ನವತಪ ಅಂತ ಹೆಸರು, ಪಾದರಸ 45 ಡಿಗ್ರಿ ದಾಟಿದರೂ ಯಾರೂ ಹುಬ್ಬೇರಿಸುವುದಿಲ್ಲ. ಪ್ರೊಸೆಸರ್ ಬಿಸಿಯಾದರೆ ತಾನೇ ಗಡಿಯಾರ ಇಳಿಸಿಕೊಳ್ಳುತ್ತದೆ, ಎನ್‌ವಿಎಂಇ ಡಿಸ್ಕ್ ಕೂಡ ಬಿಸಿಯೇರಿದರೆ ನಿಧಾನ ಆಗುತ್ತದೆ. ಬೆಳಗಿನ ಆರಕ್ಕೆ ಮೊದಲ ಯಂತ್ರ, ಮಧ್ಯಾಹ್ನ ಮೂರಕ್ಕೆ ಎರಡನೆಯದು ಅಂತ ಅಳೆದರೆ ಹೋಲಿಸಿದ್ದು ಯಂತ್ರಗಳನ್ನಲ್ಲ, ಹೊತ್ತುಗಳನ್ನು. ಒಂದೊಂದು ಅಂಕಿಯ ಪಕ್ಕ ಕೋಣೆಯ ಉಷ್ಣಾಂಶ, ಪ್ರೊಸೆಸರ್‌ನ ಉಷ್ಣಾಂಶ, ಆಗ ಓಡುತ್ತಿದ್ದ ಗಡಿಯಾರದ ವೇಗ ಬರೆ. ಐದು ನಿಮಿಷದ ಪರೀಕ್ಷೆ ಯಾವತ್ತೂ ಚೆನ್ನಾಗಿಯೇ ಇರುತ್ತದೆ. ಒಂದು ಗಂಟೆ ಓಡಿಸು, ಬಿಸಿಯ ಪರಿಣಾಮ ಆಗ ಕಾಣುತ್ತದೆ. ಎಸಿ ಕೆಟ್ಟ ದಿನ ಸರ್ವರ್ ಕೋಣೆಗೆ ನೀರಿನ ಕೂಲರ್ ತಂದು ಹಚ್ಚುವ ಐಡಿಯಾ ಯಾರಾದರೂ ಕೊಟ್ಟರೆ ಒಪ್ಪಬೇಡ. ಮನೆಗೆ ಅದು ಸ್ವರ್ಗ, ಸರ್ಕ್ಯೂಟಿಗೆ ಆ ತೇವ ಒಳ್ಳೆಯದಲ್ಲ.

ಒಂದೇ ಸಲ ಓಡಿಸಿ ಬಂದದ್ದನ್ನು ಬರೆಯುವುದನ್ನೂ ನಿಲ್ಲಿಸು. ಹತ್ತು ಸಲ ಓಡಿಸಿ, ನಡುವಿನ ಬೆಲೆ ಬರೆ, ಅತಿ ಕಡಿಮೆ ಅತಿ ಹೆಚ್ಚು ಕೂಡ ಬರೆ. ಎರಡು ಯಂತ್ರಗಳ ನಡುವಿನ ವ್ಯತ್ಯಾಸ ನೂರಕ್ಕೆ ನಾಲ್ಕು, ಒಂದೇ ಯಂತ್ರದ ಏರಿಳಿತ ನೂರಕ್ಕೆ ಏಳು ಆಗಿದ್ದರೆ ಅವೆರಡೂ ಒಂದೇ, ಬೆಲೆ ಕಡಿಮೆ ಇರುವುದನ್ನು ತಗೊ. ಏರಿಳಿತ ಎಲ್ಲೆಲ್ಲಿಂದ ಬರುತ್ತದೆ ಅಂದರೆ ನಗು ಬರುತ್ತದೆ. 2009ರಲ್ಲಿ ಮಿಟ್ಕೋವಿಚ್ ಮತ್ತು ಸಂಗಡಿಗರು ತೋರಿಸಿದ್ದರು: ಯುನಿಕ್ಸ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ ಒಟ್ಟು ಉದ್ದ ಬದಲಾದರೆ ಸ್ಟ್ಯಾಕ್‌ನ ಜಾಗ ಸರಿದು, ಪ್ರೋಗ್ರಾಮಿನ ವೇಗವೇ ಬದಲಾಗುತ್ತದೆ ಅಂತ. ಅಂದರೆ ಲಾಗಿನ್ ಹೆಸರು ಉದ್ದ ಇದ್ದವನಿಗೂ ಗಿಡ್ಡ ಇದ್ದವನಿಗೂ ಬೇರೆ ಬೇರೆ ಅಂಕಿ ಬರಬಹುದು.

ಮಾರಾಟದವರು ತೋರಿಸುವ ಗರಿಷ್ಠ ಅಂಕಿಗೂ ಕೈಗೆ ಸಿಗುವುದಕ್ಕೂ ಎಷ್ಟು ದೂರ ಅನ್ನುವುದು ನಿನ್ನ ಕಾಲೇಜಿನ ಚರಿತ್ರೆಗೂ ಹತ್ತಿರದ ವಿಷಯ. 1960ರಲ್ಲಿ ಶುರುವಾದ ಆ ಕಾಲೇಜಿಗೆ ನಮ್ಮ ವಿಶ್ವೇಶ್ವರಯ್ಯನವರ ಹೆಸರಿಟ್ಟರು. ಅದೇ ದಶಕದಲ್ಲಿ ಅಲ್ಲಿ ಬಿಇ ಓದಿದವರು ವಿಜಯ್ ಭಟ್ಕರ್, ಅಕೋಲಾ ಜಿಲ್ಲೆಯವರು. ಅಮೆರಿಕ ನಮಗೆ ಬೇಕಾದ ಕ್ರೇ ಸೂಪರ್‌ಕಂಪ್ಯೂಟರ್ ಕೊಡಲು ಸತಾಯಿಸಿದ ಮೇಲೆ 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಹುಟ್ಟಿತು, ಅವರ ನೇತೃತ್ವದಲ್ಲಿ 1991ಕ್ಕೆ ಪರಂ 8000 ಬಂತು. ಅದರಲ್ಲಿದ್ದುದು ಟ್ರಾನ್ಸ್‌ಪ್ಯೂಟರ್ ಚಿಪ್‌ಗಳು: ಒಂದೊಂದಕ್ಕೂ ಅದರದೇ ಮೆಮೊರಿ, ನೆರೆಯವರೊಡನೆ ಮಾತಾಡಲು ನಾಲ್ಕು ತಂತಿ. ಹತ್ತಿರದ ಮೆಮೊರಿ, ದೂರದ ಮೆಮೊರಿ ಅನ್ನುವ ನಿನ್ನ ತಲೆನೋವು ಅವರಿಗೆ ಇನ್ನೂ ಕಠಿಣ ರೂಪದಲ್ಲಿತ್ತು. ಅದಕ್ಕೂ ಮುಂಚೆ, 1986ರಲ್ಲಿ, ಬೆಂಗಳೂರಿನ ಎನ್‌ಎಎಲ್‌ನಲ್ಲಿ ಗಾಳಿಯ ಹರಿವಿನ ಲೆಕ್ಕಕ್ಕಾಗಿ ಫ್ಲೋಸಾಲ್ವರ್ ಕಟ್ಟಿದ್ದರು, ನಾಲ್ಕು ಇಂಟೆಲ್ 8086 ಪ್ರೊಸೆಸರ್‌ಗಳನ್ನು ಜೋಡಿಸಿ. ಅದರ ಗುಣ ಏನೆಂದರೆ ಯಾವ ಲೆಕ್ಕ ಮಾಡಬೇಕು ಅನ್ನುವುದು ಮೊದಲು ಗೊತ್ತಿತ್ತು, ಯಂತ್ರ ಆಮೇಲೆ ಬಂತು.

ಅದಕ್ಕಿಂತ ಈಚಿನದು ಬೇಕಾದರೆ, 2007ರ ನವೆಂಬರ್‌ನಲ್ಲಿ ಜಗತ್ತಿನ ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ನಾಲ್ಕನೇ ಸ್ಥಾನಕ್ಕೆ ಏರಿದ ಪುಣೆಯ 'ಏಕ' ಯಂತ್ರದ ಗರಿಷ್ಠ ಸಾಮರ್ಥ್ಯ 170 ಟೆರಾಫ್ಲಾಪ್‌ಗಿಂತ ಮೇಲೆ, ಲಿನ್‌ಪ್ಯಾಕ್‌ನಲ್ಲಿ ಸಿಕ್ಕಿದ್ದು 117.9. ಲಿನ್‌ಪ್ಯಾಕ್ ಮೆಮೊರಿಯನ್ನು ಅಷ್ಟಾಗಿ ಕಾಡದ ಪರೀಕ್ಷೆ, ಹಾಗಾಗಿ ಅಷ್ಟಾದರೂ ಬಂತು. ಮೆಮೊರಿಯನ್ನೇ ಕಾಡುವ ಎಚ್‌ಪಿಸಿಜಿ ಪರೀಕ್ಷೆಯಲ್ಲಿ ಜಪಾನಿನ ಫುಗಾಕು 16 ಪೆಟಾಫ್ಲಾಪ್ ತೋರಿಸಿತು. ಅದೇ ಯಂತ್ರದ ಲಿನ್‌ಪ್ಯಾಕ್ ಅಂಕಿ 442. ಪರೀಕ್ಷೆ ಬದಲಾಯಿತು, ಯಂತ್ರ ಸುಮಾರು ಇಪ್ಪತ್ತೆಂಟು ಪಟ್ಟು ಕುಗ್ಗಿತು. ಉಪಗ್ರಹ ಚಿತ್ರ ಉಜ್ಜುವ ನಿಮ್ಮ ಕೆಲಸ ಎರಡನೇ ಜಾತಿಯದು. ಮಾರಾಟದ ಹುಡುಗ ಟೆರಾಫ್ಲಾಪ್ ಅಂದಾಗಲೆಲ್ಲ, ಚಾನೆಲ್ ಎಷ್ಟು ಅಂತ ಕೇಳು.

ಸೋಮವಾರ ಡೆಮೊ ಯಂತ್ರಗಳನ್ನು ವಾಪಸ್ ಕೊಡಬೇಕು ಅಂದೆ. ಅಷ್ಟರಲ್ಲಿ ಇಡೀ ಪಟ್ಟಿ ಮತ್ತೆ ಮಾಡಲು ಹೋಗಬೇಡ. ನಿಮ್ಮದೇ ಒಂದು ಸೆಂಟಿನೆಲ್ ಚಿತ್ರ, ನಿಮ್ಮದೇ ಪ್ರೋಗ್ರಾಮ್, 32 ಪ್ರೊಸೆಸ್, ಖಾಲಿ ಕ್ಯಾಶ್‌ನಿಂದ ಶುರು, ಮುಗಿದದ್ದು ಎಷ್ಟು ಹೊತ್ತಿಗೆ. ಇದು ಮುಖ್ಯ ಅಂಕಿ. ಸ್ಟ್ರೀಮ್, ಎಫ್‌ಐಓ, ಎಂಡಿಟೆಸ್ಟ್ ಇರುವುದು ಆ ಹೊತ್ತು ಎಲ್ಲಿ ಹೋಯಿತು ಅಂತ ಹೇಳುವುದಕ್ಕೆ.

ಭಾನುವಾರ ಮನೆಗೆ ಬಾ, ನಿನ್ನ ಕಾಕು ಜೋಳದ ರೊಟ್ಟಿ ಮಾಡುತ್ತಾಳೆ. ಬರುವಾಗ ಮೂರೂ ಯಂತ್ರಗಳ ಎಲ್‌ಎಸ್‌ಸಿಪಿಯು ಮತ್ತು ನುಮಾಕ್ಟಲ್ ಹಾರ್ಡ್‌ವೇರ್ ಔಟ್‌ಪುಟ್ ಪೆನ್ ಡ್ರೈವ್‌ನಲ್ಲಿ ತಾ. ಹಾಂ, ಮೂರನೇ ಕೊಟೇಶನ್‌ನಲ್ಲಿ 256 ಜಿಬಿ ಮೆಮೊರಿ ಅಂತಷ್ಟೇ ಇದೆ, ಎಷ್ಟು ಸ್ಟಿಕ್ ಅಂತ ಇಲ್ಲ. 16 ಜಿಬಿಯ ಹದಿನಾರು ಹಾಕಿದರೆ ಹದಿನಾರು ಚಾನೆಲ್ಲೂ ತುಂಬುತ್ತವೆ. 64 ಜಿಬಿಯ ನಾಲ್ಕು ಹಾಕಿದರೆ ಗಾತ್ರ ಅಷ್ಟೇ, ವೇಗ ಕಾಲುಭಾಗ. ಆ ಬೆಲೆಗೆ ಅವರು ಹೇಗೆ ಕೊಡುತ್ತಾರೆ ಅಂತ ನನಗೆ ಅನುಮಾನ ಇದೆ. ಫೋನ್‌ನಲ್ಲಿ ಕೇಳಿ ಬಿಡಬೇಡ, ಮೇಲ್‌ನಲ್ಲಿ ಬರೆಸಿಕೋ.